ಸಿಸ್ಟರ್‌ನ ಕೇಳಿ: ಸೂಜಿ ಹಾಕಿದ ರಾತ್ರಿ ಜ್ವರ ಯಾಕೆ?

(ಉತ್ತರಿಸುವವರು ಗಂಗಾವತಿಯಲ್ಲಿರುವ ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿ. 1986ರಿಂದ 33 ವರ್ಷ ರಾಯಚೂರು, ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿದವರು.)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೂಜಿ ಬಗ್ಗೆಯೇ. ಕೆಲವರಿಗೆ ಸೂಜಿ ಬೇಡವೇ ಬೇಡ, ಕೆಲವರಿಗೆ ಸೂಜಿ ಬಿಟ್ಟು ಬೇರೇನೂ ಬೇಡ. ಕೂಸಿಗೆ ಲಸಿಕೆ ಅಂದರೆ ಹೆದರುವ ಮನೆಯಲ್ಲೇ ದೊಡ್ಡವರಿಗೆ ನೆಗಡಿ ಬಂದರೆ ಓಡಿಹೋಗಿ ಸೂಜಿ ಮಾಡಿಸಿಕೊಂಡು ಬರುತ್ತಾರೆ. ಸರ್ವಿಸ್ ಪೂರ್ತಿ ಇದನ್ನೇ ನೋಡಿದ್ದೇನೆ, ಈಗಲೂ ನಗು ಬರುತ್ತೆ. ಒಂದು ಪತ್ರ ಮಾತ್ರ ಕಾಯುವಂಥದ್ದಲ್ಲ. ಮೊದಲು ಅದು.

ಸಿಸ್ಟರ್, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ರಾತ್ರಿ ಮನೆಗೆ ಬರುವಾಗ ಬೀದಿನಾಯಿ ಮೀನಖಂಡಕ್ಕೆ ಕಚ್ಚಿತು. ಸ್ವಲ್ಪ ರಕ್ತ ಬಂತು, ಮನೆಯಲ್ಲಿ ಖಾರದಪುಡಿ ಹಚ್ಚಿದರು. ನಾಯಿ ನಮ್ಮ ಓಣಿಯಲ್ಲೇ ಆರಾಮಾಗಿ ಓಡಾಡಿಕೊಂಡಿದೆ. ಹೊಕ್ಕಳ ಸುತ್ತ 14 ಸೂಜಿ ಅಂದರೆ ನನಗೆ ಭಯ. ಹಾಕಿಸದೇ ಇದ್ದರೆ ನಡೆಯುತ್ತಾ?
– ಕೌಲ್‌ಬಜಾರ್‌ನ ಓದುಗ

ನಡೆಯಲ್ಲ ತಮ್ಮಾ, ಇದು ರೇಬಿಸ್, ಅಂದರೆ ಹುಚ್ಚುನಾಯಿ ರೋಗದ ವಿಷಯ. ಪತ್ರದ ಕೆಳಗೆ ನಿನ್ನ ನಂಬರ್ ಇದ್ದದ್ದು ಒಳ್ಳೆಯದಾಯಿತು. ಓದಿದ ಕೂಡಲೇ ಫೋನ್ ಮಾಡಿದೆ, ನೀನು ಅವತ್ತೇ ಹೋಗಿ ಶುರು ಮಾಡಿಸಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗೆ.

ನಾಯಿ ಕಚ್ಚಿದ ಕೂಡಲೇ ನಲ್ಲಿ ಕೆಳಗೆ ಗಾಯ ಹಿಡಿದು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಯಾಕೆಂದರೆ 15 ನಿಮಿಷ ಅಂದರೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ. ಖಾರ, ಸುಣ್ಣ, ಕಾಫಿಪುಡಿ ಏನೂ ಬೇಡ. ಆಮೇಲೆ ಅವತ್ತೇ ದವಾಖಾನೆ. ನಾಯಿ ಚೆನ್ನಾಗಿದೆ ಅಂತ ನೋಡುತ್ತಾ ಕೂರಬೇಡಿ.

ರಕ್ತ ಬಂದಿದ್ದರೆ ಎರಡು ಔಷಧಿ ಬೇಕು. ಒಂದು ಲಸಿಕೆ, ಇನ್ನೊಂದು ಇಮ್ಯುನೋಗ್ಲೋಬ್ಯುಲಿನ್. ಬಹಳ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಲಸಿಕೆ ಅಂದರೆ ಮನೆಗೆ ತಂದ ರೇಷನ್ ಇದ್ದಹಾಗೆ. ಅದನ್ನು ಬೇಯಿಸಿ ಅಡುಗೆ ಮಾಡಿಕೊಳ್ಳಬೇಕಾದ್ದು ಮೈಯೇ. ವೈರಸ್ಸನ್ನು ಹಿಡಿಯುವ ಪ್ರತಿಕಾಯ ತಯಾರಾಗಲು ಒಂದೆರಡು ವಾರ ಬೇಕು. ಇಮ್ಯುನೋಗ್ಲೋಬ್ಯುಲಿನ್ ಅಂದರೆ ಹೋಟೆಲಿನ ಪಾರ್ಸಲ್, ಬೇರೆ ಮೈಯಲ್ಲಿ ತಯಾರಾದ ಪ್ರತಿಕಾಯವನ್ನೇ ತಂದು ಗಾಯದೊಳಕ್ಕೆ ಬಿಡುತ್ತಾರೆ. ಆ ಹೊತ್ತಿನ ಹಸಿವು ನೀಗುತ್ತೆ, ಕೆಲವು ವಾರಕ್ಕೆ ಖಾಲಿ. ಅಷ್ಟರಲ್ಲಿ ಮನೆಯ ಒಲೆ ಹತ್ತಿರುತ್ತೆ.

ಕಚ್ಚಿದ ಮೇಲೆ ಲಸಿಕೆ ಹಾಕಿದರೂ ಕೆಲಸ ಮಾಡುವುದು ಹೇಗೆ? ಈ ವೈರಸ್ ನಿಧಾನದ್ದು. ಗಾಯದಿಂದ ನರ ಹಿಡಿದು ಮೆದುಳಿನ ಕಡೆ ತೆವಳುತ್ತಾ ಹೋಗುತ್ತೆ, ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ. ಆ ಸಮಯದಲ್ಲೇ ನಾವು ಮುಂದೆ ಹೋಗಬೇಕು. 1885ರ ಜುಲೈಯಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನನ್ನು ಉಳಿಸಿದ್ದು ಇದೇ ಲೆಕ್ಕದಲ್ಲಿ. ಮೆದುಳು ಮುಟ್ಟಿ ನೀರು ಕಂಡರೆ ಹೆದರುವ ಹಂತ ಬಂತೆಂದರೆ ಉಳಿಸುವುದು ಹೆಚ್ಚುಕಡಿಮೆ ಆಗದ ಮಾತು. ಅಂಥ ಒಬ್ಬರನ್ನು ನೋಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ.

ಹೊಕ್ಕಳ ಸುತ್ತ 14 ಸೂಜಿ ಹೋಗಿ 20 ವರ್ಷ ಆಯಿತು ಮಾರಾಯ. ಈಗ ತೋಳಿಗೆ ಹಾಕುತ್ತಾರೆ. ಮೊದಲ ಸೂಜಿಯ ದಿನ ಸೊನ್ನೆ ಅಂತ ಲೆಕ್ಕ, ಆಮೇಲೆ 3, 7, 28ನೇ ದಿನ. ಮಾಂಸಖಂಡಕ್ಕೆ ಕೊಡುವ ಕಡೆ 14ನೇ ದಿನವೂ ಸೇರಿ ಒಟ್ಟು ಐದು. ಚೀಟಿ ಕಳೆಯಬೇಡಿ.

ಅಕ್ಕಾ, ನನ್ನ ಕೂಸಿಗೆ ಒಂದೂವರೆ ತಿಂಗಳ ಸೂಜಿ ಹಾಕಿಸಿದೆವು. ಅವತ್ತು ರಾತ್ರಿಯೆಲ್ಲ ಜ್ವರ, ತೊಡೆ ಬಾತುಕೊಂಡಿತ್ತು. "ಆಡುವ ಕೂಸಿಗೆ ಜಡ್ಡು ಹಚ್ಚಿಸಿಕೊಂಡು ಬಂದಿರಿ, ಮುಂದಿನದು ಬೇಡ" ಅಂತಾರೆ ನಮ್ಮತ್ತಿ. ಆರಾಮಿರೋ ಕೂಸಿಗೆ ಇದೆಲ್ಲ ಯಾಕೆ?
– ಕುಷ್ಟಗಿ ತಾಲ್ಲೂಕಿನ ತಾಯಿ

ಅತ್ತೆ ಮೇಲೆ ಸಿಟ್ಟಾಗಬೇಡಮ್ಮ. ನಗುತ್ತಿದ್ದ ಕೂಸನ್ನು ಒಯ್ದು ಅಳಿಸಿಕೊಂಡು ತಂದರೆ ಯಾವ ಅಜ್ಜಿಗೂ ಸಂಕಟ ಆಗುತ್ತೆ. ಪ್ರಶ್ನೆಯೂ ಸರಿಯಾದದ್ದೇ. ಜಡ್ಡಾದವರಿಗೆ ಔಷಧಿ ಕೊಡುವುದು ಎಲ್ಲರಿಗೂ ಅರ್ಥ ಆಗುತ್ತೆ, ಜಡ್ಡಾಗದವರಿಗೆ ಯಾಕೆ?

ಒಂದೂವರೆ ತಿಂಗಳಿಗೆ ತೊಡೆಗೆ ಹಾಕುವ ಪೆಂಟಾ ಸೂಜಿಯಲ್ಲಿ ಐದು ರೋಗದ ಪಾಠ ಇದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಕಾಮಣಿ, ಮತ್ತೆ ಮಕ್ಕಳಿಗೆ ಮೆದುಳುಜ್ವರ, ನ್ಯುಮೋನಿಯಾ ತರುವ ಹಿಬ್ ಅನ್ನುವ ರೋಗಾಣು. ಇದರಲ್ಲಿ ಜೀವ ಇರುವ ರೋಗಾಣು ಒಂದೂ ಇಲ್ಲ. ಸತ್ತದ್ದು, ಚೂರುಗಳು, ವಿಷ ತೆಗೆದ ವಿಷ, ಇಷ್ಟೇ. ಅಂದಮೇಲೆ ರೋಗ ಹಚ್ಚಿಸಲು ಅದಕ್ಕೆ ಆಗುವುದೇ ಇಲ್ಲ. ಆದರೆ ಮೈಗೆ ಅದು ಗೊತ್ತಾಗಬೇಕಲ್ಲ? ಹೊಸಬರು ಬಂದರು ಅಂತ ರಕ್ತದ ಬಿಳಿ ಕಣಗಳು ಗದ್ದಲ ಎಬ್ಬಿಸುತ್ತವೆ, ಮೈ ಬಿಸಿಯಾಗುತ್ತೆ. ಆ ಜ್ವರ ಕೂಸಿನದೇ, ಸೂಜಿಯದಲ್ಲ. ಐದರಲ್ಲಿ ಜ್ವರ ಬರಿಸುವುದು ಹೆಚ್ಚಾಗಿ ನಾಯಿಕೆಮ್ಮಿನ ಭಾಗ. ಹಾಗಂತ ಜ್ವರ ಬರದ ಕೂಸಿಗೆ ಲಸಿಕೆ ಹತ್ತಲಿಲ್ಲ ಅಂತಲೂ ಅಲ್ಲ. ಎಷ್ಟೋ ಮಕ್ಕಳು ಸುಮ್ನೆ ಮಲಗಿಬಿಡುತ್ತವೆ, ಅವಕ್ಕೂ ಅಷ್ಟೇ ರಕ್ಷಣೆ.

ಮೂರು ಸಲ ಯಾಕೆ ಅಂತ ನಮ್ಮ ಕಡೆಯ ಹೆಂಗಸರಿಗೆ ನಾನು ರೊಟ್ಟಿ ಲೆಕ್ಕದಲ್ಲಿ ಹೇಳುತ್ತಿದ್ದೆ. ಮೊದಲ ಸಲ ಜೋಳದ ರೊಟ್ಟಿ ಬಡಿಯಲು ಕೂತ ಹುಡುಗಿಗೆ ಹಿಟ್ಟು ಒಡೆಯುತ್ತೆ, ಅಂಚು ಸೀಳುತ್ತೆ. ಅವಳು ಒಂದು ರೊಟ್ಟಿ ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಊಟಕ್ಕೆ ಕೂತವರು ಕೈ ತೊಳೆದು ಎದ್ದಿರುತ್ತಾರೆ. ಎರಡನೇ ದಿನ ಸ್ವಲ್ಪ ವಾಸಿ. ಮೂರನೇ ದಿನಕ್ಕೆ ಕೈಗೇ ಹದ ಗೊತ್ತಾಗಿಬಿಡುತ್ತೆ. ಮೈ ಪ್ರತಿಕಾಯ ಮಾಡುವುದೂ ಹೀಗೇ. ಕಲಿಯುವ ತನಕ ಗಂಟಲುಮಾರಿ ಕಾಯುತ್ತಾ ಕೂರಲ್ಲ. ಅದಕ್ಕೇ ರೋಗ ಬರುವ ಮೊದಲೇ, ಆರಾಮಿರುವಾಗಲೇ, ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಕೈ ಪಳಗಿಸುವುದು. ಕಲಿತ ಕಣಗಳಲ್ಲಿ ಕೆಲವು ವರ್ಷಗಟ್ಟಲೆ ಮೈಯಲ್ಲೇ ಉಳಿದಿರುತ್ತವೆ. ಕೆಲವು ರೋಗದ ನೆನಪು ಮಸುಕಾಗುತ್ತೆ, ಆಗ ಒಂದೂವರೆ ವರ್ಷಕ್ಕೆ, ಐದು ವರ್ಷಕ್ಕೆ ಬೂಸ್ಟರ್.

ನಿಮ್ಮತ್ತೆಗೆ ಇದು ಹಿಡಿಸದಿದ್ದರೆ ಇನ್ನೊಂದು ಹೇಳಿ. ನಾನು ಕೆಲಸಕ್ಕೆ ಸೇರಿದ ಹೊಸತು, ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ಒಂದು ಮನೆಯಿಂದ ಕರೆ ಬಂತು, ಎಂಟು ದಿನದ ಕೂಸು ಹಾಲು ಬಿಟ್ಟಿದೆ ಅಂತ. ಹೋಗಿ ನೋಡಿದರೆ ಬಾಯಿ ಗಟ್ಟಿ ಕಚ್ಚಿಕೊಂಡಿದೆ, ಬಾಗಿಲು ಸದ್ದಾದರೂ ಸಾಕು ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತೆ. ಧನುರ್ವಾಯು ಅನ್ನುವ ಹೆಸರು ಯಾಕೆ ಬಂತು ಅಂತ ಅವತ್ತು ಗೊತ್ತಾಯಿತು. ಹೊಕ್ಕಳಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದಿದ್ದರು. ಕೂಸು ಉಳಿಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಬಸುರಿಯರಿಗೆಲ್ಲ ಸೂಜಿ ಹಾಕುತ್ತಾ ಬಂದೆವು. ತಾಯಿಯ ಮೈ ಮಾಡಿದ ಪ್ರತಿಕಾಯ ಹೊಟ್ಟೆಯಲ್ಲಿರುವ ಕೂಸಿಗೂ ಇಳಿಯುತ್ತೆ, ಹುಟ್ಟಿದ ಮೇಲೂ ಕೆಲವು ತಿಂಗಳು ಕಾಯುತ್ತೆ. ಹೆರಿಗೆ ದವಾಖಾನೆಗೆ ಬಂತು, ಬ್ಲೇಡು ಸ್ವಚ್ಛ ಆಯಿತು. 2015ರಲ್ಲಿ ನಮ್ಮ ದೇಶ ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ರೋಗಾಣು ಮಾತ್ರ ಎಲ್ಲೂ ಹೋಗಿಲ್ಲ, ನಿಮ್ಮ ಹಿತ್ತಿಲ ಮಣ್ಣಿನಲ್ಲೇ ಇದೆ.

ಲಸಿಕೆಯಲ್ಲಿ ತಪ್ಪೇ ಆಗಲ್ಲ ಅಂತ ನಾನು ಹೇಳಲ್ಲ. ನನ್ನಿಂದಲೇ ಆಗಿದೆ. 1988ರ ಮೇ ತಿಂಗಳು, ಸಿಂಧನೂರು ಕಡೆಯ ಬಿಸಿಲು, ಬಸ್ಸಿನಲ್ಲಿ ಲಸಿಕೆ ಡಬ್ಬಿ ಒಯ್ಯಬೇಕು. ಬಿಸಿಯಾಗಿಬಿಟ್ಟರೆ ಅಂತ ಹೆದರಿ, ಫ್ರೀಜರ್‌ನಿಂದ ಕಲ್ಲಿನಂಥ ಐಸ್‌ಪ್ಯಾಕ್ ತೆಗೆದು ನೇರ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಬಾಟಲಿಗಳಿಗೆ ಒತ್ತಿ ಇಟ್ಟೆ. ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಬಿಸಿಯಾದರೆ ಎಷ್ಟು ಕೆಡಕೋ ಈ ಲಸಿಕೆಗೆ ಹೆಪ್ಪುಗಟ್ಟಿದರೂ ಅಷ್ಟೇ ಕೆಡಕು. ಅವತ್ತು ತಪಾಸಣೆಗೆ ಬಂದ ಹಿರಿಯ ಅಕ್ಕನವರು ನನ್ನ ಡಬ್ಬಿಯ ಒಂದು ಬಾಟಲಿ, ಅವರು ತಂದಿದ್ದ ಇನ್ನೊಂದು, ಎರಡನ್ನೂ ಕುಲುಕಿ ಕಟ್ಟೆಯ ಮೇಲಿಟ್ಟರು. "ನೋಡ್ತಾ ಇರು" ಅಂದರು. ಅವರದು ಹಾಲು ನೀರಿನ ಹಾಗೆ ಮಂಜಾಗೇ ಇತ್ತು. ನನ್ನದರಲ್ಲಿ ಸ್ವಲ್ಪ ಹೊತ್ತಿಗೆ ಬಿಳಿ ಚಕ್ಕೆ ಕೆಳಗಿಳಿದು ಮೇಲೆ ತಿಳಿನೀರು ನಿಂತಿತು. ಹೆಪ್ಪುಗಟ್ಟಿ ಕರಗಿದ ಲಸಿಕೆಯ ಗುರುತು ಅದು. ಸಾಲಿನಲ್ಲಿ ಕೂತಿದ್ದ ತಾಯಂದಿರನ್ನು ವಾಪಸ್ ಕಳಿಸಬೇಕಾಯಿತು, ಬಿಸಿಲಲ್ಲಿ, ಕೂಸು ಎತ್ತಿಕೊಂಡು. ಆಮೇಲೆ ನಿವೃತ್ತಿಯಾಗುವ ತನಕ ಐಸ್‌ಪ್ಯಾಕನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸದೆ ಡಬ್ಬಿಗೆ ಇಟ್ಟವಳಲ್ಲ. ಒಳಗೆ ನೀರು ಗುಳುಗುಳು ಅನ್ನಬೇಕು, ಆಗಷ್ಟೇ ಅದು ಹದಕ್ಕೆ ಬಂದಿದೆ ಅಂತ.

ಲಸಿಕೆ ಬಿಸಿಯಾಗಿ ಕೆಟ್ಟಿದೆಯೋ ಅಂತ ಈಗ ನಿಮಗೇ ಪರೀಕ್ಷೆ ಮಾಡಲು ಒಂದು ದಾರಿ ಇದೆ. ಬಾಟಲಿ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತೆ. ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ. ಎರಡೂ ಒಂದೇ ಬಣ್ಣವಾಗಿದ್ದರೆ ಅಥವಾ ಚೌಕವೇ ಕಪ್ಪಾಗಿದ್ದರೆ ಆ ಬಾಟಲಿ ಬಿಸಿ ತಿಂದಿದೆ, ಹಾಕಬಾರದು. ತೋರಿಸಿ ಅಂತ ಕೇಳಿ, ಸಿಸ್ಟರ್ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಜ್ವರಕ್ಕೆ ಸಿಸ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್, ಎದೆಹಾಲು, ತೆಳು ಬಟ್ಟೆ. ಒಂದೆರಡು ದಿನದಲ್ಲಿ ಇಳಿಯುತ್ತೆ. ಅದಕ್ಕಿಂತ ಮುಂದುವರಿದರೆ, ಹಾಲು ಬಿಟ್ಟರೆ, ಫಿಟ್ಸ್ ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ತಾರೀಕು ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಅತ್ತೆಯನ್ನೂ ಕರೆದುಕೊಂಡು ಹೋಗಿ.

ನಮ್ಮೂರ ಡಾಕ್ಟರು ನೆಗಡಿ ಜ್ವರಕ್ಕೆ ಒಂದು ಸೂಜಿ, ಎರಡು ದಿನದ ಆಂಟಿಬಯೋಟಿಕ್ ಗುಳಿಗೆ ಕೊಡುತ್ತಾರೆ. ಮೂರನೇ ದಿನ ಹೊಲಕ್ಕೆ ಹೋಗುತ್ತೇನೆ. ಸರ್ಕಾರಿ ದವಾಖಾನೆಯಲ್ಲಿ ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ. ಬಡವರಿಗೆ ಒಳ್ಳೆ ಔಷಧಿ ಕೊಡಬಾರದಾ ಮೇಡಂ?
– ಸಿಂಧನೂರು ತಾಲ್ಲೂಕಿನ ರೈತ

ಕೊಡಬೇಕು. ಸರ್ಕಾರಿ ದವಾಖಾನೆಯಲ್ಲಿ ಕ್ಯೂ, ಸಿಡುಕು, ಇಲ್ಲದ ಕುರ್ಚಿ, ಇದರ ಬಗ್ಗೆ ನೀವು ಏನೇ ಬೈದರೂ ನಾನು ನಿಮ್ಮ ಪರ. ಆದರೆ ಈ ಒಂದು ವಿಷಯದಲ್ಲಿ ಅವರು ಮಾಡಿದ್ದೇ ಸರಿ.

ನೆಗಡಿ ಜ್ವರ ಹೆಚ್ಚಾಗಿ ವೈರಸ್‌ನಿಂದ. ಅದು ಹೇಗೂ ಮೂರ್ನಾಲ್ಕು ದಿನಕ್ಕೆ ಇಳಿಯುವಂಥದ್ದು, ಇಳಿಸುವುದು ನಿಮ್ಮ ಮೈ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಹೆಸರು ಸೂಜಿಗೆ ಬಂತು. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ನೀವು ಭತ್ತಕ್ಕೆ ಕಳೆನಾಶಕ ಹೊಡೆದರೆ ಕಳೆ ಸಾಯುತ್ತೆ, ಭತ್ತ ಉಳಿಯುತ್ತೆ ಅಲ್ವಾ? ಕಳೆಯಲ್ಲಿ ಹೊಡೆತ ಬೀಳುವ ಜಾಗ ಒಂದಿದೆ, ಭತ್ತ ಅದರಿಂದ ತಪ್ಪಿಸಿಕೊಳ್ಳುತ್ತೆ. ಹಾಗೇ ಬ್ಯಾಕ್ಟೀರಿಯಾಕ್ಕೆ ಒಂದು ಹೊರಗೋಡೆ ಇದೆ, ನಮ್ಮ ಜೀವಕೋಶಕ್ಕೆ ಇಲ್ಲ. ಪೆನಿಸಿಲಿನ್ ಆ ಗೋಡೆ ಕಟ್ಟಲು ಬಿಡಲ್ಲ, ಬ್ಯಾಕ್ಟೀರಿಯಾ ಒಡೆದುಹೋಗುತ್ತೆ, ನಮ್ಮ ಜೀವಕೋಶಕ್ಕೆ ಆ ಹೊಡೆತ ಬೀಳಲ್ಲ. ವೈರಸ್‌ಗೆ ಗೋಡೆಯೂ ಇಲ್ಲ, ಸ್ವಂತ ಅಡುಗೆಮನೆಯೂ ಇಲ್ಲ. ನಮ್ಮ ಜೀವಕೋಶದೊಳಗೇ ಹೊಕ್ಕು ನಮ್ಮ ಪಾತ್ರೆಯಲ್ಲೇ ಬೇಯಿಸಿಕೊಳ್ಳುತ್ತೆ. ಅಲ್ಲಿ ಪೆನಿಸಿಲಿನ್ ಯಾವ ಗೋಡೆ ಒಡೆಯಬೇಕು? ವೈರಸ್‌ಗೂ ಔಷಧಿ ಇಲ್ಲ ಅಂತಲ್ಲ. ಎಚ್‌ಐವಿಗೆ, ಹೆಪಟೈಟಿಸ್ ಸಿಗೆ ಒಳ್ಳೆಯವು ಇವೆ. ಅವು ಬೇರೆಯೇ ಗುಳಿಗೆ.

ಎರಡು ದಿನಕ್ಕೆ ನಿಲ್ಲಿಸುವುದು ಇನ್ನೊಂದು ತಪ್ಪು. ಫ್ಲೆಮಿಂಗ್ ಅನ್ನುವ ವಿಜ್ಞಾನಿ 1928ರಲ್ಲಿ ಬೂಷ್ಟಿನಲ್ಲಿ ಪೆನಿಸಿಲಿನ್ ಗುರುತಿಸಿದರು. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಪೊಲೀಸಿಗೆ ಅದನ್ನು ಕೊಟ್ಟರು. ಸಾಯುವ ಹಂತದಲ್ಲಿದ್ದವನು ಎದ್ದು ಕೂತ. ಆದರೆ ಇದ್ದ ಔಷಧಿ ಮುಗಿಯಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರು, ಅದೂ ಸಾಲಲಿಲ್ಲ. ಸೋಂಕು ತಿರುಗಿ ಬಂತು, ಪೊಲೀಸ್ ತೀರಿಕೊಂಡ. ಅವರಿಗೆ ಔಷಧಿ ಇರಲಿಲ್ಲ. ನಾವು ಇರುವ ಔಷಧಿಯನ್ನು ಅರ್ಧ ತಿಂದು ಉಳಿದರ್ಧ ಗೂಡಿನಲ್ಲಿಟ್ಟು, ಮುಂದಿನ ತಿಂಗಳು ಮಗನಿಗೆ ಕೊಡುತ್ತೇವೆ.

ಇದರಿಂದ ಏನಾಗುತ್ತೆ ಅಂತ ಹತ್ತಿ ಬೆಳೆದ ನಿಮಗೆ ನಾನು ಹೇಳಬೇಕೇ? 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತು ಅಂದರು. ಈಗ ಗುಲಾಬಿ ಕಾಯಿಕೊರಕ ಅದೇ ಕಾಯಿಯೊಳಗೆ ಕೂತು ತಿನ್ನುತ್ತಿದೆ. ಸಾಯದೇ ಉಳಿದ ಹುಳುಗಳದ್ದೇ ಸಂತಾನ ಬೆಳೆಯಿತು. ಬ್ಯಾಕ್ಟೀರಿಯಾ ಇದನ್ನು ಇನ್ನೂ ಬೇಗ ಮಾಡುತ್ತೆ, ಅನುಕೂಲ ಸಿಕ್ಕರೆ ಕೆಲವು ಜಾತಿ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಗುಳಿಗೆ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೀಟಿದ್ದರೆ ಚೀಟಿಯಿಲ್ಲದೆ ತಗೊಳ್ಳಬೇಡಿ. ಚೀಟಿ ಬರೆದುಕೊಟ್ಟರೆ ಬರೆದಷ್ಟು ದಿನ ತಗೊಳ್ಳಿ.

ಮತ್ತೆ, ಎಲ್ಲ ಜ್ವರವೂ ನೆಗಡಿ ಜ್ವರ ಅಲ್ಲ. ಚಳಿ ನಡುಗಿ ಬಂದರೆ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಇರಬಹುದು ಅನ್ನಿಸಿದರೆ ನೋವಿನ ಸೂಜಿ, ನೋವಿನ ಗುಳಿಗೆ ಬೇಡವೇ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ಅಲ್ಲಿ ನಿಮಗೆ ಬೇಸರ ತಂದ ಆ ಪ್ಯಾರಾಸಿಟಮಾಲೇ ಸರಿಯಾದ ಔಷಧಿ.

ನನ್ನ ಗಂಡ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಾರೆ. ಟಿ.ಬಿ. ಅಂತ ಗುಳಿಗೆ ಶುರುವಾಗಿ ಎರಡು ತಿಂಗಳು. ಕೆಮ್ಮು ನಿಂತಿದೆ, ಮೈ ಹಿಡಿದಿದೆ. ಆದರೆ ಮೂತ್ರ ಕುಂಕುಮದ ಬಣ್ಣ ಬರುತ್ತೆ. ಗುಳಿಗೆ ಉಷ್ಣ, ಇನ್ನು ಸಾಕು ಅಂತಾರೆ. ಅತ್ತೆ ಅವರ ತಟ್ಟೆ ಲೋಟ ಬೇರೆ ಮಾಡಿದ್ದಾರೆ.
– ಹೆಸರು ಬೇಡ

ಆ ಬಣ್ಣ ರಿಫಾಂಪಿಸಿನ್ ಅನ್ನುವ ಗುಳಿಗೆಯದು. ಕಣ್ಣೀರು, ಬೆವರಿಗೂ ಬರಬಹುದು. ರಕ್ತ ಅಲ್ಲ, ಉಷ್ಣವೂ ಅಲ್ಲ. ನಾನು ಮನೆಮನೆಗೆ ಹೋಗುವಾಗ ಗುಳಿಗೆ ನುಂಗಿದ್ದಾರೋ ಇಲ್ಲವೋ ಅಂತ ಆ ಬಣ್ಣ ಕೇಳಿಯೇ ತಿಳಿದುಕೊಳ್ಳುತ್ತಿದ್ದೆ. ಕಣ್ಣಿನ ಬಿಳಿ ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಅದು ಬೇರೆ, ಕೂಡಲೇ ತೋರಿಸಿ.

ಕೆಮ್ಮು ನಿಂತದ್ದು ಯಾಕೆಂದರೆ ಎದ್ದು ಓಡಾಡುವ ರೋಗಾಣು ಬಹುಪಾಲು ಸತ್ತಿವೆ. ಮಲಗಿದವು ಇನ್ನೂ ಇವೆ. ಟಿ.ಬಿ. ರೋಗಾಣು ಬಹಳ ನಿಧಾನ, ಕೆಲವು ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ಈ ಔಷಧಿಗಳ ಪೂರ್ತಿ ಹೊಡೆತ ಬೀಳುವುದು ಎದ್ದವಕ್ಕೆ. ಅವು ಒಂದೊಂದಾಗಿ ಏಳುವ ತನಕ ಮೈಯಲ್ಲಿ ಔಷಧಿ ಇರಬೇಕು. ಅದಕ್ಕೇ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಈಗ ಬಿಟ್ಟರೆ ಉಳಿದವು ತಿರುಗಿ ಬರುತ್ತವೆ, ಬರುವಾಗ ಗುಳಿಗೆಗೆ ಜಗ್ಗದ ಹಾಗೆ ಬರಬಹುದು.

ಟಿ.ಬಿ. ಹರಡುವುದು ಗಾಳಿಯಲ್ಲಿ, ಕೆಮ್ಮಿದಾಗ. ತಟ್ಟೆಯಲ್ಲಿ ಅಲ್ಲ. 1950ರ ದಶಕದ ಕೊನೆಯಲ್ಲೇ ಮದ್ರಾಸಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ: ಮನೆಯಲ್ಲೇ ಇದ್ದು ಗುಳಿಗೆ ತಗೊಂಡವರು ಸ್ಯಾನಟೋರಿಯಂನಲ್ಲಿ (ಟಿ.ಬಿ. ಆಸ್ಪತ್ರೆಯಲ್ಲಿ) ಇದ್ದವರಷ್ಟೇ ಗುಣವಾದರು, ಮನೆಯವರಿಗೆ ಅದರಿಂದ ಜಾಸ್ತಿ ಹರಡಲೂ ಇಲ್ಲ. ತಟ್ಟೆ ಒಟ್ಟಿಗೆ ಇಡಿ, ಕಿಟಕಿ ತೆರೆದಿಡಿ. ನಿಮ್ಮನ್ನೂ ಮಕ್ಕಳನ್ನೂ ಪರೀಕ್ಷೆ ಮಾಡಿಸಿ, ರೋಗ ಇಲ್ಲದವರಿಗೆ ಬರದ ಹಾಗೆ ತಡೆಯುವ ಗುಳಿಗೆಯೂ ಇದೆ. ಊಟಕ್ಕೆ ಅಂತ ಸರ್ಕಾರ ತಿಂಗಳಿಗೆ 1,000 ರೂಪಾಯಿ ಖಾತೆಗೆ ಹಾಕುತ್ತೆ, ಬರುತ್ತಿದೆಯಾ ಕೇಳಿ. ಲಾರಿಯಲ್ಲಿ ಹೋಗುವಾಗ ಗುಳಿಗೆ ಜೊತೆಗೇ ಹೋಗಲಿ.

ಅಮೃತಬಳ್ಳಿ ಕಷಾಯ ದಿನಾ ಕುಡಿದರೆ ಲಸಿಕೆ ಬೇಕಿಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
– ರಾಯಚೂರಿನ ನಿವೃತ್ತ ಶಿಕ್ಷಕರು

ಇಲ್ಲ ಸರ್. ದಿನಾ ಕುಡಿಯುವುದೂ ಬೇಡ, ಕೆಲವರಿಗೆ ಅದರಿಂದ ಲಿವರ್‌ಗೆ ಪೆಟ್ಟಾಗಿದೆ.

ಸಿಸ್ಟರ್ ಆಂಟಿ, ನಮ್ಮಜ್ಜಿಯ ತೋಳಿನಲ್ಲಿ ಎಂಟಾಣೆಯಷ್ಟು ದೊಡ್ಡ ಗುಂಡನೆಯ ಗುರುತು ಇದೆ. ನನಗೆ ಸಣ್ಣ ಚುಕ್ಕಿ ಅಷ್ಟೇ ಇದೆ. ಅಜ್ಜಿಯದು ಯಾವ ಸೂಜಿ? ನನಗೆ ಯಾಕೆ ಹಾಕಿಲ್ಲ?
– 7ನೇ ತರಗತಿ, ಲಿಂಗಸುಗೂರು

ಜಾಣೆ. ಇಡೀ ಪತ್ರಗಳ ಕಟ್ಟಿನಲ್ಲಿ ನಿನ್ನದೇ ನನಗೆ ಇಷ್ಟವಾದ ಪ್ರಶ್ನೆ.

ನಿನ್ನ ಚುಕ್ಕಿ ಬಿಸಿಜಿ ಸೂಜಿಯದು, ಹುಟ್ಟಿದಾಗ ಹಾಕಿದ್ದು. ಮಕ್ಕಳಿಗೆ ಟಿ.ಬಿ. ಮೆದುಳಿಗೆ ಏರದ ಹಾಗೆ ಕಾಯುತ್ತೆ. ಅಜ್ಜಿಯದು ಸಿಡುಬಿನ ಲಸಿಕೆ. ಸಿಡುಬಿಗೆ ನಮ್ಮ ಕಡೆ ಮೈಲಿ ಬೇನೆ ಅನ್ನುತ್ತಿದ್ದರು. ಬಂದವರಲ್ಲಿ ಎಷ್ಟೋ ಜನ ಸಾಯುತ್ತಿದ್ದರು, ಉಳಿದವರಿಗೆ ಮುಖದ ತುಂಬ ಕುಳಿ. 1796ರಲ್ಲಿ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಅನ್ನುವ ಡಾಕ್ಟರು, ಹಸುವಿನಿಂದ ಬರುವ ಸಣ್ಣ ಸಿಡುಬು ತಗುಲಿದವರಿಗೆ ದೊಡ್ಡ ಸಿಡುಬು ಬರಲ್ಲ ಅನ್ನುವುದನ್ನು ಒಬ್ಬ ಹುಡುಗನ ಮೇಲೆ ಪರೀಕ್ಷಿಸಿ ತೋರಿಸಿದರು. ಸೂಜಿಯಲ್ಲಿ ಚುಚ್ಚಿ ಒಳಗೆ ಬಿಡುವ ಲಸಿಕೆ ಅಲ್ಲ ಅದು. ಮುಳ್ಳುಮುಳ್ಳಾದ ಸಣ್ಣ ಬಿಲ್ಲೆಯನ್ನು ತೋಳಿನ ಮೇಲಿಟ್ಟು ತಿರುವುತ್ತಿದ್ದರು. ಗುಳ್ಳೆ ಎದ್ದು, ಕೀವಾಗಿ, ಒಣಗಿ, ಅಜ್ಜಿಯ ತೋಳಿನಲ್ಲಿರುವ ಆ ಗುರುತು ಆಗುತ್ತಿತ್ತು.

ನಿನಗೆ ಯಾಕೆ ಇಲ್ಲ? ಸಿಡುಬೇ ಇಲ್ಲ, ಅದಕ್ಕೆ. ನಮ್ಮ ದೇಶದಲ್ಲಿ ಕೊನೆಯ ಸಿಡುಬು 1975ರಲ್ಲಿ. ಊರೂರಿನಲ್ಲಿ ತಾನೇ ತಾನಾಗಿ ಹರಡಿದ ಸಿಡುಬು ಕೊನೆಗೆ ಕಂಡದ್ದು ಸೊಮಾಲಿಯಾದಲ್ಲಿ, 1977ರಲ್ಲಿ. 1980ರ ಮೇ ತಿಂಗಳಲ್ಲಿ ಇನ್ನು ಇಲ್ಲ ಅಂತ ಘೋಷಣೆಯಾಯಿತು. ಆ ರೋಗಾಣುವಿಗೆ ಮನುಷ್ಯರನ್ನು ಬಿಟ್ಟು ಬೇರೆ ಮನೆ ಇರಲಿಲ್ಲ, ಹಂದಿ ನಾಯಿ ಸೊಳ್ಳೆ ಯಾವುದರಲ್ಲೂ ಬದುಕುತ್ತಿರಲಿಲ್ಲ. ಸಿಡುಬು ಬಂದವರನ್ನು ಹುಡುಕಿ, ಅವರ ಸುತ್ತಮುತ್ತಲಿನವರ ತೋಳಿಗೆಲ್ಲ ಆ ಗುರುತು ಬಿದ್ದ ಮೇಲೆ ಅದಕ್ಕೆ ಹೋಗಲು ಜಾಗವೇ ಉಳಿಯಲಿಲ್ಲ.

ಅಜ್ಜಿ ಹತ್ತಿರ ಕೇಳು: ಲಸಿಕೆ ಹಾಕುವವರು ಊರಿಗೆ ಬಂದಾಗ ಅವರು ಎಲ್ಲಿ ಅಡಗಿ ಕೂತಿದ್ದರು ಅಂತ. ನಮ್ಮಮ್ಮ ಜೋಳದ ಕಣಜದ ಹಿಂದೆ ಕೂತಿದ್ದಳಂತೆ. ನಿಮ್ಮಜ್ಜಿ ಏನಂದರು ಅಂತ ನನಗೆ ಬರೆದು ಕಳಿಸು.